ಅಪ್‌ಡೇಟ್: ಕಾಫಿ ಬಾಟಲಿಗೆ ಬೆಳಕು ಕೊನೆಗೂ ಕೂಡಿಬಂತು

ಮನೆಯಲ್ಲೇ ಹುರಿದ ಕಾಫಿ ಬೀಜವನ್ನೂ ಅದರ ಗಾಜಿನ ಬಾಟಲಿಗಳನ್ನೂ ಸಾವಿರ ರೂಪಾಯಿಯೊಳಗಿನ ಬೆಳಕಿನ ವ್ಯವಸ್ಥೆಯಲ್ಲಿ ಮೊಬೈಲ್‌ನಿಂದಲೇ ಚಿತ್ರೀಕರಿಸುವುದು ಹೇಗೆಂದು ಹತ್ತು ದಿನಗಳ ಹಿಂದೆ ಹಾಸನದಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಕೈಹಿಡಿದದ್ದು ಕಿಟಕಿಯ ಸಲಹೆ. ಉತ್ತರದ ಕಿಟಕಿಗೆ ಹಳೆಯ ಬಿಳಿ ಪಂಚೆ ಕಟ್ಟಿ, ಪಕ್ಕದಲ್ಲಿ ಮೇಜಿಟ್ಟು, ಎದುರು ಬದಿಗೆ ಥರ್ಮೊಕೋಲ್ ಹಾಳೆಯನ್ನು ನಿಲ್ಲಿಸಿದಾಗ, ಅದುವರೆಗೆ ಮಸಿ ಬಳಿದಂತಿದ್ದ ನೆರಳು ಮೆತ್ತಗಾಗಿ ಬೀಜದ ನಡುಗೆರೆಯೂ ಕಾಣಿಸತೊಡಗಿತು.

ಮೊಬೈಲ್ ಫ್ಲ್ಯಾಶ್‌ಗೆ ಬಟರ್ ಪೇಪರ್ ಅಂಟಿಸುವ ಉಪಾಯ ಫಲಿಸಲಿಲ್ಲ. ಬೆಳಕಿನ ಮೂಲ ಆಗಲೂ ಕಿರಿದಾಗಿಯೇ ಉಳಿಯುವುದರಿಂದ ಪ್ರಖರತೆ ತಗ್ಗಿತೇ ಹೊರತು ನೆರಳಿನ ಅಂಚು ಮೃದುವಾಗಲಿಲ್ಲ. ಕಿಟಕಿಯ ಜೊತೆಗೆ 2700 ಕೆಲ್ವಿನ್‌ನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ; ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ) ಹಳದಿ ಬಲ್ಬ್ ಹಚ್ಚಿದ್ದಂತೂ ಅನಾಹುತ: ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ ಅಥವಾ ಅದಕ್ಕೂ ಮೇಲಿರುವುದರಿಂದ ಬಾಟಲಿಯ ಒಂದು ಮಗ್ಗುಲು ನೀಲಿಯಾಗಿ, ಇನ್ನೊಂದು ಅರಿಸಿನ ಮೆತ್ತಿದಂತೆ ಬಂತು.

ಅನಿರೀಕ್ಷಿತ ಪಾಠ ದೊರೆತದ್ದು ಹಳೇಬೀಡಿನಲ್ಲಿ. ಮಧ್ಯಾಹ್ನ ಚಪ್ಪಟೆಯಾಗಿ ಕಂಡಿದ್ದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಗಳು ಸಂಜೆಯ ಓರೆ ಬಿಸಿಲಿಗೆ ಒಡವೆಯ ಒಂದೊಂದು ಮಣಿಯೂ ಎಣಿಸುವಂತೆ ಎದ್ದು ನಿಂತವು. ಮನೆಗೆ ಬಂದವನೇ ಬೀಜದ ತಟ್ಟೆಯನ್ನು ಕಿಟಕಿಗೆ ಅಡ್ಡಲಾಗಿ, ಬೆಳಕು ಬದಿಯಿಂದ ಸವರಿ ಹೋಗುವಂತೆ ಇರಿಸಿದೆ.

ಗಾಜಿಗೆ ಮಾತ್ರ ಬಿಳಿ ಹಾಳೆ ಸಾಲದು. ಚೌಕಟ್ಟಿನಾಚೆ ಬಾಟಲಿಯ ಎರಡೂ ಬದಿಗೆ ಕಪ್ಪು ರಟ್ಟು ನಿಲ್ಲಿಸಿದರೆ ಅಂಚಿನಲ್ಲಿ ಸ್ಪಷ್ಟವಾದ ಗೆರೆ ಮೂಡುತ್ತದೆ. ಒಟ್ಟು ಖರ್ಚು 210 ರೂಪಾಯಿ. ಪಂಚೆ ಅಪ್ಪನದು, ಅವರಿಗೆ ಇನ್ನೂ ತಿಳಿಸಿಲ್ಲ.