ಚೀನಾದಿಂದ ಆಟಿಕೆ ತರಿಸ್ತೀರಾ? ಅಡ್ವಾನ್ಸ್ ಕಳಿಸೋ ಮುಂಚೆ ಇದನ್ನು ಓದಿ

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯಲ್ಲಿ ಫ್ಯಾನ್ಸಿ ಸ್ಟೋರ್ ಇದೆ. ಚೀನಾದ ಯಿವೂನಿಂದ ಮಕ್ಕಳ ಆಟಿಕೆ ನೇರವಾಗಿ ತರಿಸಬೇಕು ಅಂತಿದ್ದೇನೆ. ಐಇಸಿ (ಆಮದು-ರಫ್ತು ಕೋಡ್) ಮಾಡಿಸಿ ಆಗಿದೆ. ಸಪ್ಲೈಯರ್ 30 ಪರ್ಸೆಂಟ್ ಅಡ್ವಾನ್ಸ್ ಕೇಳ್ತಿದ್ದಾನೆ. ಸಿಇ ಸರ್ಟಿಫಿಕೇಟ್ ಇದೆ, ತೊಂದರೆ ಇಲ್ಲ ಅಂತಾನೆ. ದುಡ್ಡು ಕಳಿಸಬಹುದಾ? ಡ್ಯೂಟಿ ಎಷ್ಟು ಬೀಳುತ್ತೆ?

ಉತ್ತರ (ಕಸ್ಟಮ್ಸ್ ಬ್ರೋಕರ್, ಬೆಂಗಳೂರು): ಸದ್ಯಕ್ಕೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಸಿಇ ಯುರೋಪಿನ ಗುರುತು, ನಮ್ಮಲ್ಲಿ ನಡೆಯುವುದಿಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಮಾರ್ಕ್ ಕಡ್ಡಾಯ. ಅದಕ್ಕೆ ಬಿಐಎಸ್ (ಐಎಸ್‌ಐ ಮಾರ್ಕ್ ಕೊಡುವ ಸರ್ಕಾರಿ ಸಂಸ್ಥೆ) ಲೈಸೆನ್ಸ್ ತಗೋಬೇಕಾದ್ದು ನೀವಲ್ಲ, ಆಟಿಕೆ ತಯಾರಿಸುವ ಫ್ಯಾಕ್ಟರಿ. ಇಲ್ಲೇ ಜಾಸ್ತಿ ಜನ ಎಡವುವುದು. ಮಾಲು ಬಂದ ಮೇಲೆ ಇಲ್ಲಿ ಮಾಡಿಸಿಕೊಳ್ಳೋಣ ಅಂದುಕೊಂಡಿರುತ್ತಾರೆ, ಆಗುವುದಿಲ್ಲ.

ಸಪ್ಲೈಯರ್ ಹತ್ತಿರ ಲೈಸೆನ್ಸ್ ನಂಬರ್ ಕೇಳಿ. ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಿ. ಅಲ್ಲಿ ಕಾಣುವ ಫ್ಯಾಕ್ಟರಿ ಹೆಸರು, ವಿಳಾಸ ನಿಮ್ಮ ಮಾಲು ಎಲ್ಲಿ ತಯಾರಾಗುತ್ತೋ ಅದಕ್ಕೆ ತಾಳೆಯಾಗಬೇಕು. ಯಿವೂ ಮಾರ್ಕೆಟ್ಟಿನಲ್ಲಿ ಮಾರುವವರು ಹೆಚ್ಚಾಗಿ ಟ್ರೇಡರ್‌ಗಳು, ತಯಾರಕರಲ್ಲ. ನಂಬರ್ ಕೊಡದೆ ಸಬೂಬು ಹೇಳಿದರೆ ಅವನನ್ನು ಬಿಟ್ಟುಬಿಡಿ.

ಇನ್ನು ಡ್ಯೂಟಿ. 2020ರ ಬಜೆಟ್‌ನಲ್ಲಿ ಆಟಿಕೆಯ ಬೇಸಿಕ್ ಡ್ಯೂಟಿ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70. ಇದು ಬರೀ ಮಾಲಿನ ರೇಟಿನ ಮೇಲಲ್ಲ, ಹಡಗಿನ ಬಾಡಿಗೆ ಮತ್ತು ಇನ್ಶೂರೆನ್ಸ್ ಸೇರಿಸಿದ ಮೊತ್ತದ ಮೇಲೆ. ಅದು 1 ಲಕ್ಷ ಆದರೆ ಡ್ಯೂಟಿ 70,000. ಆಮೇಲೆ ಒಟ್ಟು 1,70,000ದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಐಜಿಎಸ್‌ಟಿ ಕ್ರೆಡಿಟ್ ಸಿಗುತ್ತೆ. ಆ 70,000 ಮಾತ್ರ ವಾಪಸ್ ಬರುವುದಿಲ್ಲ. ಅದನ್ನು ಅಸಲಿಗೇ ಸೇರಿಸಿ ಲೆಕ್ಕ ಹಾಕಿ.

ಪ್ರಶ್ನೆ: ಹಾಗಾದ್ರೆ ಬರೀ ಪಜಲ್ ತರಿಸಿದ್ರೆ? ಅವನು ಇನ್ನೊಂದು ದಾರಿನೂ ಹೇಳ್ತಾನೆ. ಬಿಲ್ಲಲ್ಲಿ ‘ಗಿಫ್ಟ್ ಐಟಂ’ ಅಂತ ಬರೆದು ಅರ್ಧ ರೇಟ್ ತೋರಿಸ್ತಾನಂತೆ.

ಉತ್ತರ: ಪಜಲ್ ಕೂಡ ಕಸ್ಟಮ್ಸ್ ಪಟ್ಟಿಯಲ್ಲಿ ಆಟಿಕೆಯ 9503 ಹೆಡ್ಡಿಂಗ್‌ನಲ್ಲೇ ಬರುತ್ತೆ. ‘ಎಲ್ಲ ಬಗೆಯ ಪಜಲ್’ ಅಂತ ಅದರಲ್ಲೇ ಬರೆದಿದೆ.

ಎರಡನೇ ದಾರಿಗೆ ದಯವಿಟ್ಟು ಹೋಗಲೇಬೇಡಿ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ನಿಮ್ಮ ಹೆಸರಲ್ಲಿರುತ್ತೆ, ಅವನ ಹೆಸರಲ್ಲಲ್ಲ. ಅಂಥದ್ದೇ ಮಾಲು ಬೇರೆಯವರು ಯಾವ ರೇಟಿಗೆ ತರಿಸಿದ್ದಾರೆ ಅನ್ನುವ ಲೆಕ್ಕ ಕಸ್ಟಮ್ಸ್ ಹತ್ತಿರ ಇರುತ್ತೆ. ಸಿಕ್ಕಿಬಿದ್ದರೆ ಮಾಲು ಜಪ್ತಿ, ಮೇಲೆ ದಂಡ. ಕೇಸ್ ಮುಗಿಯೋವರೆಗೆ ಡೆಮರೇಜ್ (ಮಾಲು ಪೋರ್ಟಲ್ಲಿ ಬಿದ್ದಿರುವುದಕ್ಕೆ ಕಟ್ಟುವ ಬಾಡಿಗೆ) ಬೇರೆ ಏರುತ್ತಾ ಇರುತ್ತೆ. ಅವನಿಗೇನು, ದುಡ್ಡು ಆಗಲೇ ಸೇರಿರುತ್ತೆ ಅಲ್ವಾ? ಅಂಗಡಿಯ ಬಂಡವಾಳವೆಲ್ಲ ಹಾಕಿ ಕಂಟೇನರನ್ನು ಪೋರ್ಟಲ್ಲೇ ಬಿಟ್ಟುಹೋದವರನ್ನು ಕಂಡಿದ್ದೇನೆ. ನೋಡೋಕೆ ಸಂಕಟ ಆಗುತ್ತೆ.

ನಿಮ್ಮ ಅಂಗಡಿಗೆ ಚನ್ನಪಟ್ಟಣದ ಗೊಂಬೆ ಯೋಚಿಸಿ ನೋಡಿ. ಜಿಐ (ಊರಿನ ಹೆಸರಿನ ವಿಶೇಷ ಉತ್ಪನ್ನ ಅನ್ನುವ ಗುರುತು) ನೋಂದಣಿ ಇರುವವರಿಗೆ, ಹ್ಯಾಂಡಿಕ್ರಾಫ್ಟ್ಸ್ ಕಮಿಷನರ್ ಹತ್ತಿರ ನೋಂದಾಯಿಸಿದ ಕುಶಲಕರ್ಮಿಗಳಿಗೆ ಈ ಐಎಸ್‌ಐ ನಿಯಮದಿಂದ ವಿನಾಯಿತಿ ಇದೆ.

ಪ್ರಶ್ನೆ: ಸರ್, ನಾನು ಮೈಸೂರಿನವಳು. ವಿಯೆಟ್ನಾಂನಿಂದ ಸೆರಾಮಿಕ್ ಕುಂಡ ತರಿಸಬೇಕು. ಒರಿಜಿನ್ ಸರ್ಟಿಫಿಕೇಟ್ (ಮಾಲು ಯಾವ ದೇಶದ್ದು ಅನ್ನುವ ಪತ್ರ) ಇದ್ದರೆ ಡ್ಯೂಟಿ ಕಮ್ಮಿ ಅಂತಾರೆ, ಅದಿದ್ದರೆ ಸಾಕಾ?

ಉತ್ತರ: ಸಾಕಾಗಲ್ಲ ಮೇಡಂ. ಆಸಿಯಾನ್ (ವಿಯೆಟ್ನಾಂ ಇರುವ ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದ ರಿಯಾಯಿತಿಗೆ ಸರ್ಟಿಫಿಕೇಟ್ ಬೇಕೇ ಬೇಕು. ಆದರೆ 2020ರ ಸೆಪ್ಟೆಂಬರ್ 21ರಿಂದ ಕಾರೋಟಾರ್ ಅನ್ನುವ ಕಸ್ಟಮ್ಸ್ ನಿಯಮ ಬಂದಿದೆ. ಕುಂಡ ನಿಜವಾಗಿ ಅಲ್ಲೇ ತಯಾರಾಗಿದೆಯಾ, ಹೇಗೆ, ಯಾವ ಕಚ್ಚಾ ಸಾಮಾನಿನಿಂದ ಅನ್ನೋ ವಿವರ ನಿಮ್ಮ ಹತ್ತಿರವೂ ಇರಬೇಕು. ಆ ಕಾಗದಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಆರ್ಡರ್ ಕೊಡುವಾಗಲೇ ಸಪ್ಲೈಯರ್‌ನಿಂದ ಬರೆಸಿಕೊಳ್ಳಿ, ದುಡ್ಡು ಹೋದ ಮೇಲೆ ಅವರು ಫೋನೇ ಎತ್ತಲ್ಲ.

ಎಚ್‌ಎಸ್ ಕೋಡ್ (ಮಾಲಿನ ಬಗೆಗೆ ಕಸ್ಟಮ್ಸ್‌ನಲ್ಲಿ ಇರುವ ನಂಬರ್) ಗೊತ್ತಿದ್ದರೆ ಕೇಂದ್ರದ ಕಸ್ಟಮ್ಸ್ ಮಂಡಳಿ ಸಿಬಿಐಸಿಯ ಕಂಪ್ಲಯನ್ಸ್ ಇನ್ಫರ್ಮೇಶನ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಡ್ಯೂಟಿ ಎಷ್ಟು, ಬೇರೆ ಯಾವ ಇಲಾಖೆಯ ಒಪ್ಪಿಗೆ ಬೇಕು ಅಂತ ಅಲ್ಲೇ ಗೊತ್ತಾಗುತ್ತೆ, ದುಡ್ಡು ಕೊಡಬೇಕಿಲ್ಲ. ಕೋಡ್ ಬಗ್ಗೆಯೇ ಅನುಮಾನ ಇದ್ದರೆ ಕುಂಡದ ಫೋಟೋ, ಅಳತೆ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.