ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲವೇ? ಭೌತಶಾಸ್ತ್ರ ಉಪನ್ಯಾಸಕಿಯನ್ನು ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡುವ ವಿಡಿಯೊ ನೋಡುವಾಗ ನಮ್ಮ ಮನೆಯವರು "ಅಲ್ಲಿ ಗುರುತ್ವ ಇರಲ್ಲ, ಅದಕ್ಕೇ ತೇಲ್ತಾರೆ" ಅಂದ್ರು. ಎಂಟನೇ ಕ್ಲಾಸಿನ ಮಗಳು "ಹಾಗಾದ್ರೆ ಚಂದ್ರ ಯಾಕೆ ಭೂಮಿ ಬಿಟ್ಟು ಹೋಗಲ್ಲ?" ಅಂತ ಕೇಳಿದ್ಲು. ಯಾರು ಹೇಳಿದ್ದು ಸರಿ?

ಉತ್ತರ: ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ, ಬೆನ್ನು ತಟ್ಟಿ. ಪಿಯುಸಿಗೆ ಬರುವ ಮಕ್ಕಳಲ್ಲೂ ಬಹುಪಾಲು ಜನ ಅಲ್ಲಿ ಗುರುತ್ವ ಇಲ್ಲ ಎಂಬ ತಪ್ಪು ಕಲ್ಪನೆಯನ್ನು ಹೊತ್ತೇ ಬರುತ್ತಾರೆ.

ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ. ಗುರುತ್ವವನ್ನು ಅಳೆಯಬೇಕಾದ್ದು ಭೂಮಿಯ ಕೇಂದ್ರದಿಂದ. ನೆಲದ ಮೇಲಿರುವ ನಾವು ಕೇಂದ್ರದಿಂದ 6,370 ಕಿ.ಮೀ. ದೂರದಲ್ಲಿದ್ದರೆ, ನಿಲ್ದಾಣದಲ್ಲಿರುವವರು 6,770 ಕಿ.ಮೀ. ದೂರದಲ್ಲಿದ್ದಾರೆ. ಲೆಕ್ಕ ಹಾಕಿದರೆ ಅಲ್ಲಿನ ಗುರುತ್ವ ಇಲ್ಲಿನದರ ಶೇ 88ರಷ್ಟು. ಅಷ್ಟೆತ್ತರಕ್ಕೆ ಒಂದು ಗೋಪುರ ಕಟ್ಟಿ ಅದರ ತುದಿಯಲ್ಲಿ ತೂಕದ ಮಷಿನ್ ಇಟ್ಟರೆ, ಇಲ್ಲಿ 60 ಕೆ.ಜಿ. ಇರುವವರಿಗೆ ಅದು 53 ಕೆ.ಜಿ. ತೋರಿಸುತ್ತದೆ. ಅಲ್ಲಿ ಯಾರೂ ತೇಲುವುದಿಲ್ಲ, ಕಾಲೂರಿ ನಿಂತೇ ಇರುತ್ತಾರೆ.

ಶುಕ್ಲಾ ತೇಲಿದ್ದು ಅವರು ಬೀಳುತ್ತಿದ್ದುದರಿಂದ. ನಿಲ್ದಾಣ, ಅದರ ಗೋಡೆ, ನೆಲ, ನೀರಿನ ಹನಿ, ಒಳಗಿರುವ ಮನುಷ್ಯ ಎಲ್ಲವೂ ಒಟ್ಟಿಗೆ ಬೀಳುತ್ತಿರುತ್ತವೆ. ಕಾಲ ಕೆಳಗಿನ ನೆಲವೂ ಅದೇ ವೇಗದಲ್ಲಿ ಬೀಳುತ್ತಿದ್ದರೆ ಅದು ನಮ್ಮನ್ನು ಒತ್ತುವುದೆಲ್ಲಿಂದ? ನಮಗೆ ತೂಕ ಅನ್ನಿಸುವುದು ಆ ಒತ್ತುವಿಕೆಯೇ.

ಪ್ರಶ್ನೆ (ಇನ್ನೊಬ್ಬರು): ಬೀಳ್ತಾ ಇದ್ದರೆ ನೆಲಕ್ಕೆ ಬಂದು ಅಪ್ಪಳಿಸಬೇಕಲ್ಲ ಮೇಡಂ?

ಉತ್ತರ: ಇದರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದು ನನಗೆ ಬಹಳ ಇಷ್ಟ. ನಿಲ್ದಾಣ ಒಂದು ಸೆಕೆಂಡಿಗೆ ಸುಮಾರು 7.7 ಕಿ.ಮೀ. ಅಡ್ಡಡ್ಡ ಓಡುತ್ತದೆ. ಅದೇ ಒಂದು ಸೆಕೆಂಡಿನಲ್ಲಿ 4.3 ಮೀಟರ್ ಕೆಳಕ್ಕೆ ಬೀಳುತ್ತದೆ. ಆದರೆ ಭೂಮಿ ದುಂಡಗಿದೆ. ಅಷ್ಟು ದೂರ ಹೋಗುವಷ್ಟರಲ್ಲಿ ಅದರ ಬಾಗುವಿಕೆಯಿಂದ ನೆಲವೂ ಹೆಚ್ಚುಕಡಿಮೆ ಅಷ್ಟೇ ಕೆಳಗೆ ಸರಿದಿರುತ್ತದೆ. ಹಾಗಾಗಿ ಎಷ್ಟು ಬಿದ್ದರೂ ಎತ್ತರ ಕಡಿಮೆಯಾಗುವುದಿಲ್ಲ. ಸುಮಾರು 92 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಆದರೆ 400 ಕಿ.ಮೀ. ಎತ್ತರದಲ್ಲೂ ತೀರಾ ತೆಳುವಾದ ಗಾಳಿ ಇದ್ದು, ಅದರ ಎಳೆತಕ್ಕೆ ನಿಲ್ದಾಣ ನಿಧಾನವಾಗಿ ಇಳಿಯುತ್ತಾ ಬರುತ್ತದೆ. ಆಗಾಗ ಎಂಜಿನ್ ಉರಿಸಿ ಮೇಲಕ್ಕೇರಿಸುತ್ತಾರೆ.

ಈಗ ನಿಮ್ಮ ಮಗಳ ಚಂದ್ರನ ವಿಷಯ. ಅವನೂ ಬೀಳುತ್ತಲೇ ಇದ್ದಾನೆ. 3,84,400 ಕಿ.ಮೀ. ದೂರದಲ್ಲಿ ಭೂಮಿಯ ಎಳೆತ ಬಹಳ ದುರ್ಬಲ, ಆದ್ದರಿಂದ ಸೆಕೆಂಡಿಗೆ ಬರೀ 1.4 ಮಿಲಿಮೀಟರ್ ಬೀಳುತ್ತಾನೆ. ಮರದಿಂದ ಬೀಳುವ ಹಣ್ಣಿಗೂ ಚಂದ್ರನಿಗೂ ಒಂದೇ ನಿಯಮ ಎಂದು ನ್ಯೂಟನ್ ಕಂಡುಕೊಂಡಿದ್ದು ಈ ಲೆಕ್ಕದಿಂದಲೇ. ಮಗಳಿಗೆ ತಪ್ಪದೆ ಹೇಳಿ.

ಪ್ರಶ್ನೆ: ಸದಾ ಬೀಳ್ತಾ ಇದ್ದರೆ ದೇಹಕ್ಕೆ ಏನೂ ಆಗಲ್ವಾ?

ಉತ್ತರ: ಖಂಡಿತ ಆಗುತ್ತದೆ. ಮೈಭಾರ ಹೊರುವ ಸೊಂಟ, ಕಾಲಿನ ಮೂಳೆಗಳಿಗೆ ಕೆಲಸವಿಲ್ಲದೆ ತಿಂಗಳಿಗೆ ಸುಮಾರು ಶೇ 1ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಅದನ್ನು ತಡೆಯಲು ದಿನಾ ಎರಡು ಗಂಟೆ ವ್ಯಾಯಾಮ ಕಡ್ಡಾಯ. ಬಿಸಿ ಗಾಳಿ ಮೇಲೇರುವುದೂ ನಿಂತುಹೋಗುವುದರಿಂದ ಬೆಂಕಿಯ ಜ್ವಾಲೆ ಉದ್ದಕ್ಕೆ ಏಳದೆ ಗುಂಡಗಿರುತ್ತದೆ. ಮಲಗಿದವರ ಉಸಿರು ಅವರ ಮುಖದ ಸುತ್ತಲೇ ನಿಂತುಬಿಡದಂತೆ ಫ್ಯಾನ್ ಓಡುತ್ತಲೇ ಇರಬೇಕು. 2025ರಲ್ಲಿ ಶುಕ್ಲಾ ಅಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರಲ್ಲ, ಆ ಪ್ರಯೋಗ ನಮ್ಮ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ್ದು.

ಪ್ರಶ್ನೆ: ಎರಡು ಸಣ್ಣ ಡೌಟು. ಸೂರ್ಯನ ಜಾಗದಲ್ಲಿ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಬಂದರೆ ಭೂಮಿಯನ್ನ ನುಂಗಿಬಿಡುತ್ತಾ? ಚಂದ್ರನ ಹಿಂಭಾಗ ಯಾವಾಗಲೂ ಕತ್ತಲೆನಾ?

ಉತ್ತರ: ಎರಡಕ್ಕೂ ಇಲ್ಲ. ಸೂರ್ಯನಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯಾದರೆ ಈ ದೂರದಲ್ಲಿ ಅದರ ಎಳೆತವೂ ಅಷ್ಟೇ. ಬೆಳಕು, ಬಿಸಿ ಹೋಗಿ ನಾವು ಹೆಪ್ಪುಗಟ್ಟುತ್ತೇವೆ, ಭೂಮಿ ಮಾತ್ರ ಅದೇ ದಾರಿಯಲ್ಲಿ ಸುತ್ತುತ್ತಿರುತ್ತದೆ. ಚಂದ್ರನ ಹಿಂಭಾಗಕ್ಕೂ ನಮಗೆ ಕಾಣುವ ಭಾಗದಂತೆಯೇ ಸುಮಾರು ಎರಡು ವಾರ ಹಗಲು, ಎರಡು ವಾರ ರಾತ್ರಿ. ನಮಗೆ ಅಮಾವಾಸ್ಯೆ ಅಂದರೆ ಆ ಕಡೆ ಪೂರ್ತಿ ಬಿಸಿಲು.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ. ನಿಲ್ದಾಣವನ್ನ ನಮ್ಮ ಮನೆ ತಾರಸಿಯಿಂದ ನೋಡಬಹುದಾ?

ಉತ್ತರ: ಧಾರಾಳವಾಗಿ, ಬೈನಾಕ್ಯುಲರ್ ಕೂಡ ಬೇಡ. ಸಂಜೆ ಕತ್ತಲಾದ ಮೇಲೆ ಅಥವಾ ಬೆಳಗಿನ ಜಾವ ನೋಡಿ. ಆಗ ನಮಗೆ ಕತ್ತಲಿದ್ದರೂ ಅಷ್ಟೆತ್ತರದಲ್ಲಿ ಬಿಸಿಲಿರುತ್ತದೆ. ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಒಂದೇ ಸಮನೆ ಸಾಗುವ ಹೊಳೆಯುವ ಚುಕ್ಕಿ ಅದು. ಮಿಣುಕಿದರೆ ವಿಮಾನ. ನಾಸಾದ 'ಸ್ಪಾಟ್ ದ ಸ್ಟೇಷನ್' ಆ್ಯಪ್‌ನಲ್ಲಿ ನಿಮ್ಮ ಊರು ಹಾಕಿದರೆ ದಿನ, ಸಮಯ, ದಿಕ್ಕು ಸಿಗುತ್ತದೆ. ಎತ್ತರ (ಬಾನಂಚಿನಿಂದ ಮೇಲಕ್ಕೆ ಅಳೆದ ಕೋನ) 40 ಡಿಗ್ರಿಗಿಂತ ಹೆಚ್ಚು ಅಂತ ತೋರಿಸುವ ದಿನವನ್ನೇ ಆರಿಸಿಕೊಳ್ಳಿ, ಅದಕ್ಕಿಂತ ಕಡಿಮೆಯಿದ್ದರೆ ಅಕ್ಕಪಕ್ಕದ ಕಟ್ಟಡಗಳ ಮರೆಗೆ ಹೋಗಿಬಿಡುತ್ತದೆ.