2000ನೇ ಇಸವಿಯ ಎಸ್ಟೀಮ್‌ಗೆ ದೊಡ್ಡ ಇಂಜೆಕ್ಟರ್ ಹಾಕಿಸಲಾ?

ಬಟವಾಡಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು 2000ನೇ ಇಸವಿಯ ಮಾರುತಿ ಎಸ್ಟೀಮ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಮಾದರಿ). 1298 ಸಿಸಿ, 85 ಬಿಎಚ್‌ಪಿ. ಅಪ್ಪ ಶೋರೂಮಿನಿಂದ ತಂದ ಗಾಡಿ. ಈಗ ಅವರಿಗೆ ಮಂಡಿನೋವು, ಓಡಿಸುವುದಿಲ್ಲ. ಆದರೂ ಭಾನುವಾರ ಪಕ್ಕದ ಸೀಟಿನಲ್ಲಿ ಕೂತು ದೇವರಾಯನದುರ್ಗಕ್ಕೆ ಹೋಗಿಬರಲೇಬೇಕು.

ತೊಂದರೆ ಇರುವುದು ಆ ಏರಿನಲ್ಲೇ. ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಗಾಡಿ ಎಳೆಯುವುದಿಲ್ಲ, ಮುಗ್ಗರಿಸುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸ್ಟೀರಿಂಗ್ ತನಕ ನಡುಕ. ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಎಲ್ಲ ಹೊಸದು ಹಾಕಿಸಿದ್ದಾಯಿತು. ಬೆಂಗಳೂರಿನಲ್ಲಿ ಒಬ್ಬರು ಬೇರೆ ಗಾಡಿಯಿಂದ ಬಿಚ್ಚಿದ, ನಿಮಿಷಕ್ಕೆ 240 ಸಿಸಿ ಪೆಟ್ರೋಲ್ ಬಿಡುವ ನಾಲ್ಕು ಇಂಜೆಕ್ಟರ್ 6,500 ರೂಪಾಯಿಗೆ ಕೊಡುತ್ತಾರಂತೆ. ಸುಮ್ನೆ ಬದಲಾಯಿಸಿದರೆ ಸಾಕು, ಪಿಕಪ್ ಜಾಸ್ತಿ ಆಗುತ್ತದೆ ಅಂದರು. ತಗೊಳ್ಳಲಾ?

ಶಿರಾ ಗೇಟ್ ಮೆಕ್ಯಾನಿಕ್:
ತಮ್ಮಾ, ದುಡ್ಡು ಕೊಟ್ಟಿಲ್ಲ ತಾನೆ? ಕೊಡಬೇಡ.

ಇಂಜೆಕ್ಟರ್ ಎಷ್ಟು ಪೆಟ್ರೋಲ್ ಬಿಟ್ಟಿತು ಅಂತ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಕಾಣುವುದಿಲ್ಲ. ಎಷ್ಟು ಹೊತ್ತು ಬಾಯಿ ತೆರೆದಿರಬೇಕು ಅನ್ನುವುದಷ್ಟೇ ಅದರ ಕೈಯಲ್ಲಿದೆ. ಆ ಹೊತ್ತಿನ ಲೆಕ್ಕವನ್ನು ಕಂಪನಿಯವರು ಕಂಪನಿಯ ಇಂಜೆಕ್ಟರ್‌ಗೇ ಬರೆದಿರುತ್ತಾರೆ. 85 ಬಿಎಚ್‌ಪಿಗೆ ನಾಲ್ಕು ಇಂಜೆಕ್ಟರ್ ಅಂದರೆ ಒಂದೊಂದು ನಿಮಿಷಕ್ಕೆ ಸುಮಾರು 140 ಸಿಸಿ ಬಿಟ್ಟರೆ ಸಾಕು. ಅದೂ ಶೇಕಡ 80ರಷ್ಟು ಹೊತ್ತು ಮಾತ್ರ ತೆರೆದರೆ. ಆ ಜಾಗಕ್ಕೆ 240 ಹಾಕಿದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಆರಾಮಾಗಿ ಹೋಗುವಾಗ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಸ್ವಲ್ಪ ಕಡಿಮೆ ಮಾಡಬಹುದು. ಪೂರ್ತಿ ಒತ್ತಿದಾಗ ಅದು ಸೆನ್ಸರ್ ಕಡೆ ನೋಡುವುದೇ ಇಲ್ಲ. ಪ್ಲಗ್ ಮಸಿ ಹಿಡಿಯುತ್ತದೆ, ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಎಂಜಿನ್ ಆಯಿಲ್‌ಗೆ ಸೇರುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತದೆ. ಪಿಕಪ್ ಮಾತ್ರ ಬರುವುದಿಲ್ಲ. ಒಳಗೆ ಬರುವ ಗಾಳಿ ಮೊದಲಿನಷ್ಟೇ ಅಲ್ವಾ?

ನಿನ್ನ ಗಾಡಿಯಲ್ಲಿ ಯಾವುದೋ ಒಂದು ಸಿಲಿಂಡರ್ ಪೆಟ್ರೋಲ್ ಸಾಲದೆ ಹಸಿದುಕೊಂಡಿದೆ ಅಂತ ನನ್ನ ಅಂದಾಜು. ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್. ಬರೀ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಈಗ ಮೊದಲಿಗಿಂತ ಸ್ವಲ್ಪ ಜಾಸ್ತಿ ಇಂಧನ ಬೇಕು. ಕೊಳೆ ಕಟ್ಟಿಕೊಂಡ ಇಂಜೆಕ್ಟರ್ ಎಲ್ಲಿಂದ ಕೊಡುತ್ತದೆ?

ಮೊದಲು ಗಾಡಿಯ ಪೆಟ್ರೋಲ್ ಪಂಪಿನ ಪ್ರೆಷರ್ ಗೇಜ್ ಹಾಕಿ ನೋಡಿಸು. ಅದು ಸರಿಯಿದ್ದರೆ ನಾಲ್ಕೂ ಇಂಜೆಕ್ಟರ್ ಬಿಚ್ಚಿಸಿ, ಒಂದೊಂದು ಎಷ್ಟು ಬಿಡುತ್ತದೆ ಅಂತ ಅಳೆಯುವ ಟೆಸ್ಟ್ ಬೆಂಚಿಗೆ ಹಾಕಿಸು. ಬಿಚ್ಚುವ ಮುಂಚೆ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಬೇಕು. ಇಲ್ಲದಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಇದೊಂದನ್ನು ಮರೆಯಬೇಡ.

ಕೋಲಾರದವನು:
ಅಣ್ಣ ಹೇಳಿದ್ದು ನಿಜ. ನಾನು ನನ್ನ ಹಳೇ ಝೆನ್‌ಗೆ ಹೀಗೇ ಯಾವುದೋ ಇಂಜೆಕ್ಟರ್ ಹಾಕಿಸಿದ್ದೆ. ಸಾಕೆಟ್ ಕೂತಿತು, ಗಾಡಿ ಓಡಿತು. ಮೂರನೇ ದಿನ ಎರಡು ಸಿಲಿಂಡರ್ ಸತ್ತವು. ಆಮೇಲೆ ಮೀಟರ್ ಹಿಡಿದು ನೋಡಿದರೆ ಕಂಪನಿಯದ್ದು ಸುಮಾರು 14 ಓಮ್, ನಾನು ಹಾಕಿದ್ದು ಎರಡೂವರೆ ಓಮ್. ಓಮ್ ಕಡಿಮೆ ಆದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ. ಇಸಿಯು ಒಳಗೆ ಇಂಜೆಕ್ಟರ್ ನಡೆಸುವ ಡ್ರೈವರ್ ಸರ್ಕ್ಯೂಟ್ ಸುಟ್ಟುಹೋಗಿತ್ತು. ಹಳೇ ಗಾಡಿಗೆ ಇಸಿಯು ಹುಡುಕಲು ಎರಡು ತಿಂಗಳು ಅಲೆದೆ.

ಹಾಗೇ ರಬ್ಬರ್ ಪೈಪ್‌ಗಳನ್ನೂ ನೋಡಿಸಿ. ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಬಿರಿಯುತ್ತದೆ. ಇಂಜೆಕ್ಟರ್ ಸುತ್ತ ಬಿಗಿಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ವೈಟಾನ್ ಅನ್ನುವ ಇಂಧನ ತಡೆಯುವ ರಬ್ಬರಿನದ್ದೇ ಹಾಕಿಸಿ.

ಬಟವಾಡಿ ಹುಡುಗ:
ಶನಿವಾರ ಮಾಡಿಸಿದೆ, ಎದುರಿಗೇ ನಿಂತು ನೋಡಿದೆ. ಪ್ರೆಷರ್ ಸರಿಯಿತ್ತು. ಓ-ರಿಂಗ್ ಮಾತ್ರ ಕಲ್ಲಾಗಿದ್ದವು. ಬೆರಳಲ್ಲಿ ಬಗ್ಗಿಸಿದರೆ ಒಣ ಕಡ್ಡಿಯ ಹಾಗೆ ಪಟ್ ಅಂತ ಮುರಿದವು. ಅಲ್ಲಿಂದಲೂ ಗಾಳಿ ಎಳೆಯುತ್ತಿತ್ತಂತೆ.

ಬೆಂಚಿನಲ್ಲಿ ನಾಲ್ಕು ಗಾಜಿನ ಕೊಳವೆ. 30 ಸೆಕೆಂಡ್ ಬಿಟ್ಟರು. 72, 70, 54, 71 ಮಿ.ಲೀ. ಬೇರೆ ಮೂರರಲ್ಲಿ ಮಂಜಿನ ಹಾಗೆ ಹರಡಿಕೊಂಡು ಬರುತ್ತಿತ್ತು. ಮೂರನೆಯದರಲ್ಲಿ ಒಂದೇ ಎಳೆ, ನಲ್ಲಿಯಿಂದ ಸೋರುವ ಹಾಗೆ ಓರೆಯಾಗಿ ಕೊಳವೆಯ ಗೋಡೆಗೆ ಬಡಿಯುತ್ತಿತ್ತು. ಇಷ್ಟು ದಿನ ನಾವು ಅದನ್ನಿಟ್ಟುಕೊಂಡು ಬೆಟ್ಟ ಹತ್ತಿಸುತ್ತಿದ್ದೆವಲ್ಲ ಅಂತ ನಿಜಕ್ಕೂ ಬೇಜಾರಾಯಿತು.

ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅರ್ಧ ಗಂಟೆ ಇಟ್ಟರು. ಒಳಗಿನ ಪುಟ್ಟ ಜಾಲರಿ ಫಿಲ್ಟರ್ ತೆಗೆದು ಹೊಸದು ಹಾಕಿದರು. ಮತ್ತೆ ನೋಡಿದಾಗ 72, 71, 68, 72. ಹೊಸ ಓ-ರಿಂಗ್‌ಗೆ ಎಂಜಿನ್ ಆಯಿಲ್ ಸವರಿ, ತಿರುಗಿಸುತ್ತಾ ಕೂರಿಸಿದರು. ಒಟ್ಟು 2,400 ರೂಪಾಯಿ.

ನಿನ್ನೆ ಅಪ್ಪನನ್ನು ಕೂರಿಸಿಕೊಂಡು ದುರ್ಗಕ್ಕೆ ಹೋಗಿದ್ದೆ. ಎರಡನೇ ಗೇರಿನಲ್ಲಿ ಒಂದು ಕಡೆಯೂ ತಡವರಿಸಲಿಲ್ಲ. ಮೇಲೆ ಹೋಗಿ ನಿಲ್ಲಿಸಿದಾಗ ಅಪ್ಪ ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟು, ‘ಈಗ ಸರಿಯಾಯಿತು ನೋಡು’ ಅಂದರು. ಅಣ್ಣಾ, ತುಂಬಾ ಥ್ಯಾಂಕ್ಸ್.

ಶಿರಾ ಗೇಟ್ ಮೆಕ್ಯಾನಿಕ್:
ಬಹಳ ಸಂತೋಷ ಆಯಿತು ತಮ್ಮಾ. ಮೂರನೆಯದು ಇನ್ನೂ 68ರಲ್ಲಿದೆ. 500 ಕಿಲೋಮೀಟರ್ ಓಡಿಸಿ ಆ ಸಿಲಿಂಡರ್ ಪ್ಲಗ್ ಬಿಚ್ಚಿ ನೋಡು. ಉಳಿದ ಮೂರರ ಹಾಗೆ ತಿಳಿ ಕಂದು ಬಣ್ಣ ಇದ್ದರೆ ಬಿಟ್ಟುಬಿಡು. ಬೆಳ್ಳಗೆ ಸುಟ್ಟ ಹಾಗಿದ್ದರೆ ಅದೊಂದಕ್ಕೆ ಮಾತ್ರ ಕಂಪನಿಯ ಅದೇ ನಂಬರಿನದ್ದು ಹಾಕಿಸು. ಅಪ್ಪನನ್ನು ಕೇಳಿದೆ ಅಂತ ಹೇಳು.